ಇಡೀ ರಾತ್ರಿ ಕಣ್ಣಿನ ಒತ್ತಡ ಗಮನಿಸುವ ಲೆನ್ಸ್: ಧರಿಸಿ ನೋಡಿದ ಅನುಭವ

ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿನರ ಹಾಳಾಗುತ್ತಾ ಹೋಗುವ ಕಾಯಿಲೆ, ಇರುವವರು ಕಣ್ಣಿನ ವೈದ್ಯರಿಂದ ಕೇಳಲು ಹಂಬಲಿಸುವ ಮಾತು ಒಂದೇ: "ಪ್ರೆಶರ್ ಹತೋಟಿಯಲ್ಲಿದೆ." ನನಗೆ ಆ ಮಾತು ಪ್ರತಿ ಭೇಟಿಯಲ್ಲೂ ಸಿಗುತ್ತಿತ್ತು. ಒಮ್ಮೆ 14, ಒಮ್ಮೆ 15, ಇನ್ನೊಮ್ಮೆ 13. ಪಾದರಸದ 10ರಿಂದ 21 ಮಿಲಿಮೀಟರ್ ಸಾಮಾನ್ಯ ಎನ್ನುತ್ತಾರೆ. ನನ್ನದು ಅದರ ನಟ್ಟನಡುವೆ ಇತ್ತು. ಆದರೆ ದೃಷ್ಟಿ ಎಷ್ಟು ಅಗಲಕ್ಕೆ ಉಳಿದಿದೆ ಎಂದು ನೋಡುವ ಫೀಲ್ಡ್ ಟೆಸ್ಟ್‌ನಲ್ಲಿ ಎಡಗಣ್ಣಿನ ಮೂಗಿನ ಬದಿಯ ಕಪ್ಪು ಭಾಗ ಮಾತ್ರ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹಿಗ್ಗುತ್ತಿತ್ತು. ಕಣ್ಣಿನ ಹಿಂಬದಿಯ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓಸಿಟಿ ಸ್ಕ್ಯಾನ್‌ನಲ್ಲಿ ನರತಂತುಗಳ ಪದರ ತೆಳುವಾಗುತ್ತಿತ್ತು. ಹನಿ ಔಷಧವನ್ನು ಒಂದು ರಾತ್ರಿಯೂ ತಪ್ಪಿಸಿದವಳಲ್ಲ ನಾನು. ಅಮ್ಮ ಇದೇ ಕಾಯಿಲೆಯಿಂದ ಒಂದು ಕಣ್ಣನ್ನು ಕಳೆದುಕೊಂಡಿದ್ದನ್ನು ಶಿವಮೊಗ್ಗದ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಹಾಗಾಗಿ "ಹತೋಟಿಯಲ್ಲಿದೆ" ಎಂಬ ಮಾತು ಬರಬರುತ್ತಾ ನನಗೆ ಸಮಾಧಾನಕ್ಕಿಂತ ಭಯವನ್ನೇ ತರುತ್ತಿತ್ತು.

ನಾನು ಇರುವುದು ಸ್ವಿಟ್ಜರ್‌ಲೆಂಡ್‌ನ ಲೂಸಾನ್‌ನಲ್ಲಿ. ಇಲ್ಲಿನ ವೈದ್ಯೆ ಒಂದು ಸರಳ ಪ್ರಶ್ನೆ ಕೇಳಿದರು: "ನಿಮ್ಮ ಒತ್ತಡವನ್ನು ಇದುವರೆಗೆ ಎಷ್ಟು ಹೊತ್ತಿಗೆ ನೋಡಿದ್ದಾರೆ?" ಹಳೆಯ ವರದಿಗಳನ್ನೆಲ್ಲ ತಿರುವಿ ಹಾಕಿದೆ. ಎಲ್ಲವೂ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ನಡುವೆ, ಎಲ್ಲವೂ ಕುರ್ಚಿಯಲ್ಲಿ ಕುಳಿತಾಗ. ಕಣ್ಣಿನ ಒತ್ತಡ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಮಲಗಿದಾಗ ಏರುತ್ತದೆ, ಬಹಳಷ್ಟು ಜನರಲ್ಲಿ ಅದು ಅತಿ ಹೆಚ್ಚಾಗುವುದು ಆಸ್ಪತ್ರೆಯ ಬಾಗಿಲು ಮುಚ್ಚಿರುವ ಹೊತ್ತಿನಲ್ಲಿ ಎಂದು ಅವರು ವಿವರಿಸಿದರು. ಗೋಲ್ಡ್‌ಮನ್ ಟೋನೋಮೀಟರ್, ಅಂದರೆ ಹಳದಿ ಹನಿ ಹಾಕಿ, ನೀಲಿ ಬೆಳಕು ಬಿಟ್ಟು, ಕರಿಗುಡ್ಡೆಗೆ (ಕಾರ್ನಿಯಾ) ತಾಗಿಸಿ ನೋಡುವ ಉಪಕರಣ, ಆ ಕ್ಷಣದ ಒತ್ತಡವನ್ನಷ್ಟೇ ಹೇಳುತ್ತದೆ. ರಾತ್ರಿ ಎರಡು ಗಂಟೆಗೆ ಏನಾಗುತ್ತದೆ ಎಂಬುದು ಅದಕ್ಕೆ ತಿಳಿಯದು.

ಮೂರು ದಾರಿಗಳನ್ನು ಮುಂದಿಟ್ಟರು. ಆಸ್ಪತ್ರೆಗೆ ದಾಖಲಾಗಿ ರಾತ್ರಿಯಿಡೀ ಎಬ್ಬಿಸಿ ಎಬ್ಬಿಸಿ ಒತ್ತಡ ನೋಡಿಸಿಕೊಳ್ಳುವುದು ಮೊದಲನೆಯದು. ಎರಡನೆಯದು ಫಿನ್‌ಲೆಂಡ್‌ನ ಐಕೇರ್ ಹೋಮ್ ಎಂಬ ಸಣ್ಣ ಉಪಕರಣ; ಮನೆಯಲ್ಲೇ ನಾವೇ ನೋಡಿಕೊಳ್ಳಬಹುದು, ಆದರೆ ಎಚ್ಚರವಿದ್ದಾಗ ಮಾತ್ರ. ಮೂರನೆಯದು ಟ್ರಿಗರ್‌ಫಿಶ್ ಎಂಬ ಸಂವೇದಕ ಲೆನ್ಸ್. ಇಪ್ಪತ್ನಾಲ್ಕು ಗಂಟೆ ಕಣ್ಣಲ್ಲೇ ಇರುತ್ತದೆ, ನಿದ್ದೆಯಲ್ಲೂ ದಾಖಲಿಸುತ್ತದೆ. ಈ ಲೆನ್ಸ್ ಹುಟ್ಟಿದ್ದು ನಾನಿರುವ ಇದೇ ಊರಿನಲ್ಲಿ. ಲೂಸಾನ್‌ನ ಫೆಡರಲ್ ತಾಂತ್ರಿಕ ಸಂಸ್ಥೆಯಲ್ಲಿ ಮ್ಯಾಟೆಯೊ ಲಿಯೊನಾರ್ಡಿ ಮತ್ತು ಸಂಗಡಿಗರು ನಡೆಸಿದ ಸಂಶೋಧನೆಯ ಮೊದಲ ಪ್ರಬಂಧ 2004ರಲ್ಲಿ ಬಂತು. ಅದೇ ಕೆಲಸದಿಂದ ಸೆನ್ಸಿಮೆಡ್ ಕಂಪನಿ ಬೆಳೆಯಿತು. 2016ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆದರೂ ಇದು ಎಲ್ಲ ಕಣ್ಣಾಸ್ಪತ್ರೆಗಳಲ್ಲೂ ಸಿಗುವ ಪರೀಕ್ಷೆಯಲ್ಲ. ನಿಮ್ಮ ವೈದ್ಯರ ಬಳಿ ಕೇಳುವಾಗ "ಇಲ್ಲಿ ಮಾಡುತ್ತೀರಾ, ಇಲ್ಲದಿದ್ದರೆ ಯಾರು ಮಾಡುತ್ತಾರೆ, ಕರಿಗುಡ್ಡೆಗೆ ಹೊಂದುವ ಅಳತೆಯ ಲೆನ್ಸ್ ದಾಸ್ತಾನಿನಲ್ಲಿ ಇದೆಯೇ" ಎಂದೇ ಕೇಳಿ. ನನಗೆ ಬೇಕಾದ ಅಳತೆಯದು ಇರಲಿಲ್ಲ. ತರಿಸುವವರೆಗೆ ಕಾಯಬೇಕಾಯಿತು.

ಆದರೆ ನಿಜವಾಗಿ ಕಾಯಿಸಿದ್ದು ವಿಮೆ. ಇಲ್ಲಿ ಆರೋಗ್ಯ ವಿಮೆ ಎಲ್ಲರಿಗೂ ಕಡ್ಡಾಯ. ವಯಸ್ಕರು ವರ್ಷಕ್ಕೆ 300ರಿಂದ 2,500 ಫ್ರಾಂಕ್‌ವರೆಗಿನ ಖರ್ಚನ್ನು, ತಾವು ಆಯ್ದುಕೊಂಡ ಮಿತಿಯಂತೆ, ಮೊದಲು ತಾವೇ ಭರಿಸಬೇಕು. ಆಮೇಲಿನದರಲ್ಲೂ ಶೇ 10ರಷ್ಟು, ವರ್ಷಕ್ಕೆ 700 ಫ್ರಾಂಕ್ ಮುಟ್ಟುವವರೆಗೆ, ನಮ್ಮದೇ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು, ಈ ಲೆನ್ಸ್‌ಗೆ ಮುಂಚಿತ ಒಪ್ಪಿಗೆ ಬೇಕು, ಆ ಒಪ್ಪಿಗೆ ವಿಮಾ ಕಂಪನಿಯ ಸಲಹಾ ವೈದ್ಯರ ಮೇಜಿನ ಮೇಲಿಂದ ಬರಬೇಕು ಎಂಬುದು. ವೈದ್ಯೆಯ ಕೋರಿಕೆ ಪತ್ರ, ಹಿಂದಿನ ಫೀಲ್ಡ್ ಟೆಸ್ಟ್‌ಗಳ ಮುದ್ರಿತ ಪ್ರತಿಗಳು, ಓಸಿಟಿ ವರದಿ, ಬಳಸುತ್ತಿರುವ ಔಷಧಗಳ ಪಟ್ಟಿ, ಆಸ್ಪತ್ರೆಯ ಅಂದಾಜು ಪಟ್ಟಿ ಎಲ್ಲವನ್ನೂ ಕಳುಹಿಸಿದೆವು. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ಮತ್ತೆ ಅದೇ ಉತ್ತರ. ಕೊನೆಗೆ ಬಂದ ಪತ್ರದಲ್ಲಿ ತಪಾಸಣೆಯ ಶುಲ್ಕಕ್ಕೆ ಒಪ್ಪಿಗೆ ಇತ್ತು, ಲೆನ್ಸ್‌ನ ಬೆಲೆಗೆ ಇರಲಿಲ್ಲ. ಒಮ್ಮೆ ಧರಿಸಿ ಎಸೆಯುವ ವಸ್ತು ಅದು. ಬೆಲೆ ನೂರಾರು ಫ್ರಾಂಕ್. ಆ ಹಣವನ್ನು ಕೈಯಿಂದಲೇ ಕೊಟ್ಟೆ.

ಪತ್ರ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಾಗ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ. ಕಣ್ಣು ಕುಂದುತ್ತಿರುವವರು ಪ್ರತಿ ವಾರವನ್ನೂ ಎಣಿಸುತ್ತಿರುತ್ತಾರೆ, ಕಡತಕ್ಕೆ ಆ ಅವಸರ ಇರುವುದಿಲ್ಲ. ಈ ದಾರಿಯಲ್ಲಿ ಬರುವವರಿಗೆ ಒಂದು ಮಾತು: ಕೋರಿಕೆ ಪತ್ರದಲ್ಲಿ "ಒತ್ತಡ ಹತೋಟಿಯಲ್ಲಿದ್ದರೂ ಹಾನಿ ಮುಂದುವರಿದಿದೆ" ಎಂಬ ವಾಕ್ಯ ಸ್ಪಷ್ಟವಾಗಿ ಇರಲಿ, ಅದಕ್ಕೆ ಆಧಾರವಾಗಿ ಕನಿಷ್ಠ ಎರಡು ವರ್ಷಗಳ ಫೀಲ್ಡ್ ಟೆಸ್ಟ್ ಜೊತೆಗಿರಲಿ. ಕರೆ ಮಾಡಿದಾಗ ಯಾರು, ಎಂದು, ಏನು ಹೇಳಿದರು ಎಂದು ಬರೆದಿಟ್ಟುಕೊಳ್ಳಿ. ಎರಡನೇ ಸಲ ಕರೆ ಮಾಡಿದಾಗ ಆ ಟಿಪ್ಪಣಿ ನನ್ನ ನೆರವಿಗೆ ಬಂತು.

ಲೆನ್ಸ್ ಹಾಕುವ ಮುನ್ನ ಇನ್ನೊಂದು ತಪಾಸಣೆ ಇರುತ್ತದೆ. ಕರಿಗುಡ್ಡೆಯ ಬಾಗುವಿಕೆಯನ್ನು ಅಳೆದು, ಮೂರು ಬಗೆಯ ಲೆನ್ಸ್‌ಗಳಲ್ಲಿ ಹೊಂದುವುದನ್ನು ಆರಿಸುತ್ತಾರೆ. ಕಣ್ಣು ಒಣಗಿದೆಯೇ, ಸೋಂಕು ಇದೆಯೇ, ಸಿಲಿಕೋನ್ ಅಥವಾ ಅಂಟುಪಟ್ಟಿಗೆ ಅಲರ್ಜಿ ಇದೆಯೇ ಎಂದು ವಿಚಾರಿಸುತ್ತಾರೆ. ಒಂದು ಕಣ್ಣಿಗೆ ಮಾತ್ರ ಹಾಕುವುದು. ನನ್ನದು ಹೆಚ್ಚು ಹಾಳಾದ ಎಡಗಣ್ಣು. ಹನಿ ಔಷಧವನ್ನು ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು, ನೀವಾಗಿಯೇ ನಿರ್ಧರಿಸಬೇಡಿ. ಔಷಧ ಇದ್ದೂ ರಾತ್ರಿ ಏನಾಗುತ್ತಿದೆ ಎಂಬುದೇ ನನ್ನ ಪ್ರಶ್ನೆಯಾದ್ದರಿಂದ ಮುಂದುವರಿಸಲು ಹೇಳಿದರು. ಲೆನ್ಸ್ ಹೀರಿಕೊಳ್ಳುವ ಸಂರಕ್ಷಕ ರಾಸಾಯನಿಕ ಇರಬಾರದೆಂದು ಆ ರಾತ್ರಿಗೆ ಒಂಟಿ ಡೋಸಿನ ಪುಟ್ಟ ಕೊಳವೆಗಳನ್ನು ಕೊಟ್ಟರು.

ಲೆನ್ಸ್ ಹಾಕುವ ದಿನ ಮುಖಕ್ಕೆ ಕ್ರೀಮ್, ಎಣ್ಣೆ, ಕಾಡಿಗೆ ಏನೂ ಹಚ್ಚಿರಬಾರದು. ಬೆಳಿಗ್ಗೆಯೇ ತಲೆಸ್ನಾನ ಮುಗಿಸಿಕೊಂಡು ಹೋಗಿ, ಏಕೆಂದರೆ ಮರುದಿನ ಲೆನ್ಸ್ ತೆಗೆಯುವವರೆಗೆ ಮುಖ ಒದ್ದೆಯಾಗುವಂತಿಲ್ಲ. ಕಾರು ಓಡಿಸುವಂತಿಲ್ಲ. ಒಪ್ಪಿಗೆ ಪತ್ರ ಫ್ರೆಂಚ್‌ನಲ್ಲಿತ್ತು; ಒಂದು ದಿನ ಮೊದಲೇ ಇಮೇಲ್‌ನಲ್ಲಿ ತರಿಸಿಕೊಂಡು ನಿಧಾನವಾಗಿ ಓದಿಕೊಂಡಿದ್ದೆ. ಹೊರದೇಶದಲ್ಲಿ ಇರುವವರು ಹಾಗೆಯೇ ಮಾಡುವುದು ಒಳ್ಳೆಯದು. ಸಹಿ ಹಾಕುವ ಮೇಜಿನ ಮುಂದೆ ಯಾವ ಭಾಷೆಯೂ ಸರಿಯಾಗಿ ತಲೆಗೆ ಹತ್ತುವುದಿಲ್ಲ.

ದಾದಿ ಲೆನ್ಸನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿದರು. ಪಾರದರ್ಶಕ ಸಿಲಿಕೋನ್ ಬಟ್ಟಲು. ಅಡ್ಡಗಲ ಸುಮಾರು 14 ಮಿಲಿಮೀಟರ್. ಅದರ ಅಂಚಿನ ಒಳಗೆ ಹೊಂಬಣ್ಣದ ಆಂಟೆನಾ ಉಂಗುರ, ಕೂದಲಿನಷ್ಟು ಸಣ್ಣ ಪ್ಲಾಟಿನಂ–ಟೈಟಾನಿಯಂ ಎಳೆಗಳು, ಒಂದು ಬದಿಯಲ್ಲಿ ಕಂಡೂ ಕಾಣದಂಥ ಚಿಪ್. ನಡುವಿನ ದಪ್ಪ 585 ಮೈಕ್ರಾನ್. ಮಾಮೂಲು ಮೃದು ಲೆನ್ಸ್‌ಗಿಂತ ಹಲವು ಪಟ್ಟು ಹೆಚ್ಚು. ಒತ್ತಡ ಏರಿಳಿದಂತೆ ಕರಿಗುಡ್ಡೆಯ ಆಕಾರ ಅತಿ ಸೂಕ್ಷ್ಮವಾಗಿ ಬದಲಾಗುತ್ತದೆ, ಒಂದು ಮಿಲಿಮೀಟರ್ ಪಾದರಸಕ್ಕೆ ಬಾಗುವಿಕೆಯ ತ್ರಿಜ್ಯದಲ್ಲಿ ಸುಮಾರು ಮೂರು ಮೈಕ್ರಾನ್. ಆ ಎಳೆಗಳು ಗ್ರಹಿಸುವುದು ಈ ಹಿಗ್ಗು ಕುಗ್ಗನ್ನೇ. ಲೆನ್ಸ್‌ನಲ್ಲಿ ಬ್ಯಾಟರಿ ಇಲ್ಲ. ಕಣ್ಣಿನ ಸುತ್ತ ಅಂಟಿಸುವ ಆಂಟೆನಾ ಪಟ್ಟಿಯಿಂದ ಅದಕ್ಕೆ ಶಕ್ತಿ ಬರುತ್ತದೆ, ಮಾಹಿತಿ ಅದೇ ಪಟ್ಟಿಯಿಂದ ತಂತಿಯ ಮೂಲಕ ಕೊರಳಿಗೆ ನೇತುಹಾಕಿಕೊಂಡ ದಾಖಲೆ ಪೆಟ್ಟಿಗೆಗೆ ಹೋಗುತ್ತದೆ. ಐದು ನಿಮಿಷಕ್ಕೊಮ್ಮೆ ಮೂವತ್ತು ಸೆಕೆಂಡು ದಾಖಲು. ಇಡೀ ದಿನಕ್ಕೆ 288 ಸಲ. ಯಾವುದೂ ನಮ್ಮ ಅನುಭವಕ್ಕೆ ಬರುವುದಿಲ್ಲ. ಕಂಪನವಿಲ್ಲ, ಬಿಸಿಯಿಲ್ಲ.

ಅನುಭವಕ್ಕೆ ಬರುವುದು ಲೆನ್ಸ್‌ನ ದಪ್ಪ. ಮೊದಲ ಅರ್ಧ ಗಂಟೆ ಕಣ್ಣಿಗೆ ಕಸ ಬಿದ್ದಂತೆ ನೀರು ಸುರಿಯಿತು. ಆಮೇಲೆ ಅಭ್ಯಾಸವಾಯಿತು, ಆದರೆ ಆ ಕಣ್ಣಿನ ನೋಟ ಮಂಜು ಮಂಜು. ಪಟ್ಟಿಯ ಮೇಲೆ ಕನ್ನಡಕ ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಓದುವ ಬರೆಯುವ ಕೆಲಸ ಇಟ್ಟುಕೊಳ್ಳಬೇಡಿ. ಮಾಮೂಲು ದಿನದಂತೆ ಇರಿ ಎಂದು ಹೇಳಿ ಒಂದು ದಿನಚರಿ ಹಾಳೆ ಕೊಟ್ಟರು: ಊಟ, ನಡಿಗೆ, ಹನಿ ಔಷಧ, ಮಲಗಿದ್ದು, ಎದ್ದದ್ದು, ಎಲ್ಲಕ್ಕೂ ಸಮಯ ಬರೆಯಬೇಕು. ಅಸಡ್ಡೆ ಮಾಡದೆ ಬರೆಯಿರಿ. ರೇಖಾಚಿತ್ರದಲ್ಲಿ ಒಂದು ಏರು ಕಂಡಾಗ ಅದರ ಅರ್ಥ ಸಿಗುವುದು ಆ ಹಾಳೆಯಿಂದಲೇ.

ಮನೆಗೆ ಮೆಟ್ರೊದಲ್ಲಿ ಬಂದೆ. ಎದುರಿಗೆ ಕುಳಿತವರು ನೋಡಿ, ನೋಡದವರಂತೆ ಮುಖ ತಿರುಗಿಸಿದರು. ಒಂದು ಮಗು ಮಾತ್ರ ನೋವಾಗುತ್ತಿದೆಯೇ ಎಂದು ನೇರವಾಗಿ ಕೇಳಿತು. ಇಲ್ಲ ಎಂದೆ, ಅದು ನಿಜವೂ ಆಗಿತ್ತು. ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕಲು ಹೊರಟಾಗ ಮಗಳು ಬಾಣಲೆ ಕಿತ್ತುಕೊಂಡು ಹೊರಗೆ ಕಳುಹಿಸಿದಳು. ಒಣಮೆಣಸಿನ ಘಾಟು, ಹೊಗೆ, ಧೂಳು, ಅಗರಬತ್ತಿ ಇವೆಲ್ಲದರಿಂದ ದೂರ ಇರುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಿ. ಕಣ್ಣು ಉರಿದರೆ ಉಜ್ಜುವಂತಿಲ್ಲವಲ್ಲ.

ಕಷ್ಟ ಅನ್ನಿಸಿದ್ದು ರಾತ್ರಿ. ಎಡಮಗ್ಗುಲಾಗಿ ಮಲಗುವ ರೂಢಿ ನನ್ನದು. ಆ ಮಗ್ಗುಲಿಗೆ ಪಟ್ಟಿಯೂ ತಂತಿಯೂ ಒತ್ತುತ್ತವೆ. ತಂತಿಯನ್ನು ರವಿಕೆಯೊಳಗಿಂದ ಇಳಿಸಿ, ಪೆಟ್ಟಿಗೆಯನ್ನು ದಿಂಬಿನ ಪಕ್ಕ ಇಟ್ಟು ಅಂಗಾತ ಮಲಗಿದೆ. ನಡುರಾತ್ರಿ ಎಚ್ಚರವಾದಾಗ ಪಟ್ಟಿಯ ಅಂಚು ಹಣೆಯ ಬದಿಯಲ್ಲಿ ಬೆವರಿಗೆ ಎದ್ದಿತ್ತು. ಎದೆ ಧಸಕ್ಕೆಂದಿತು. ಅಷ್ಟು ಕಾದು, ಅಷ್ಟು ಹಣ ಕೊಟ್ಟು ಮಾಡಿಸಿದ್ದು ಅರ್ಧದಲ್ಲೇ ನಿಂತುಹೋಯಿತೇ? ದಾದಿ ಒಂದು ತುಂಡು ವೈದ್ಯಕೀಯ ಟೇಪ್ ಕೊಟ್ಟಿದ್ದರು. ಅದನ್ನು ಅಂಟಿಸಿ, ಸಮಯವನ್ನು ಹಾಳೆಯಲ್ಲಿ ಬರೆದು ಮತ್ತೆ ಮಲಗಿದೆ. ಮುಂದೆ ತಿಳಿದಂತೆ ಆ ಹೊತ್ತಿನ ಒಂದೆರಡು ದಾಖಲೆಗಳು ಮಾತ್ರ ಕೆಟ್ಟಿದ್ದವು. ಟೇಪ್ ಕೊಡದಿದ್ದರೆ ನೀವೇ ಕೇಳಿ ಪಡೆಯಿರಿ. ರಾತ್ರಿ ಕರೆ ಮಾಡಬಹುದಾದ ಸಂಖ್ಯೆಯನ್ನೂ ಕೇಳಿ. ಕಣ್ಣು ವಿಪರೀತ ನೋಯತೊಡಗಿದರೆ, ಬೆಳಕು ನೋಡಲಾಗದಷ್ಟು ಚುಚ್ಚಿದರೆ, ಬೆಳಗಾಗಲಿ ಎಂದು ಕಾಯುತ್ತಾ ಕೂರಬಾರದು.

ಮರುದಿನ ಲೆನ್ಸ್ ತೆಗೆದಾಗ ಕಣ್ಣು ಕೆಂಡದ ಬಣ್ಣಕ್ಕೆ ತಿರುಗಿತ್ತು. ಬಣ್ಣದ ಹನಿ ಹಾಕಿ ನೋಡಿ, ಕರಿಗುಡ್ಡೆಯ ಮೇಲ್ಪದರದಲ್ಲಿ ಚುಕ್ಕಿ ಚುಕ್ಕಿಯಾಗಿ ಸ್ವಲ್ಪ ತರಚಿದೆ, ತಾನಾಗಿಯೇ ಮಾಯುತ್ತದೆ ಎಂದರು. ಕೆಂಪು, ಮಸುಕು ಮತ್ತು ಈ ತರಚು ಬಹಳ ಜನರಿಗೆ ಆಗುವಂಥವೇ. ಲೆನ್ಸ್ ಒತ್ತಿ ಕೂತಿದ್ದ ಕಾರಣ ಕನ್ನಡಕದ ನಂಬರ್ ಕೂಡ ತಾತ್ಕಾಲಿಕವಾಗಿ ಏರುಪೇರಾಗುತ್ತದೆ. ಅದೇ ದಿನ ಕನ್ನಡಕದ ತಪಾಸಣೆಯನ್ನೋ ಫೀಲ್ಡ್ ಟೆಸ್ಟನ್ನೋ ಇಟ್ಟುಕೊಳ್ಳಬೇಡಿ. ಕಚೇರಿಗೆ ಮರುದಿನವೂ ರಜೆ ಹಾಕಿದ್ದು ಒಳ್ಳೆಯದೇ ಆಯಿತು.

ಇನ್ನು ಫಲಿತಾಂಶ. ಗೊಂದಲ ಅತಿ ಹೆಚ್ಚು ಹುಟ್ಟುವುದು ಇಲ್ಲಿಯೇ. ನಾನು ಇದನ್ನು ಬರೆಯಲು ಕೂತದ್ದೂ ಮುಖ್ಯವಾಗಿ ಈ ಕಾರಣಕ್ಕೆ. ಈ ಲೆನ್ಸ್ ನಿಮ್ಮ ಒತ್ತಡ ಎಷ್ಟು ಎಂದು ಹೇಳುವುದಿಲ್ಲ. "ರಾತ್ರಿ ಮೂರಕ್ಕೆ 26 ಇತ್ತು" ಎಂಬಂಥ ಉತ್ತರ ಅದರಿಂದ ಬರುವುದೇ ಇಲ್ಲ. ಅದರ ಅಳತೆ ಮಿಲಿವೋಲ್ಟ್ ಸಮಾನಕಗಳಲ್ಲಿ ಇರುತ್ತದೆ. ರೇಖೆ ಸೊನ್ನೆಯಿಂದ ಹೊರಟು, ಮೊದಲಿಗಿಂತ ಎಷ್ಟು ಏರಿತು, ಎಷ್ಟು ಇಳಿಯಿತು, ಯಾವ ಹೊತ್ತಿಗೆ ಎಂಬುದನ್ನಷ್ಟೇ ತೋರಿಸುತ್ತದೆ. ಎಫ್‌ಡಿಎ ಒಪ್ಪಿಗೆ ಕೊಟ್ಟದ್ದೂ ಏರಿಳಿತದ ಮಾದರಿಯನ್ನು ಗುರುತಿಸುವುದಕ್ಕೆ, ಗ್ಲಾಕೋಮಾ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದಕ್ಕಲ್ಲ. ಇದನ್ನು ತಿಳಿಯದೆ ಹಣ ಕಟ್ಟಿದವರಿಗೆ ಮೋಸಹೋದೆವು ಎನ್ನಿಸಬಹುದು. ನಮ್ಮ ವೈದ್ಯೆ ಮೊದಲೇ ಬಿಡಿಸಿ ಹೇಳಿದ್ದರಿಂದ ನನಗೆ ಹಾಗಾಗಲಿಲ್ಲ.

ಅವರು ಪರದೆಯ ಮೇಲೆ ಮೊದಲು ತೋರಿಸಿದ್ದು ಮೂವತ್ತು ಸೆಕೆಂಡಿನ ಒಂದು ತುಣುಕು. ಎಚ್ಚರವಿದ್ದಾಗಿನ ದಾಖಲೆಯಲ್ಲಿ ರೆಪ್ಪೆ ಬಡಿದಾಗಲೆಲ್ಲ ಮೊನಚಾದ ಗೆರೆಗಳು ಎದ್ದಿದ್ದವು. ನಿದ್ದೆಯ ತುಣುಕಿನಲ್ಲಿ ಅವೊಂದೂ ಇರಲಿಲ್ಲ. ಬದಲಿಗೆ ಸಣ್ಣ, ಸಮನಾದ ಅಲೆಗಳು. ನನ್ನ ನಾಡಿಮಿಡಿತ ಕಣ್ಣಿನಲ್ಲಿ ಮೂಡಿಸಿದ ಅಲೆಗಳು ಅವು. ಲೆನ್ಸ್ ಸರಿಯಾಗಿ ಕೂತಿತ್ತು ಎಂಬುದಕ್ಕೆ ಇದೇ ಸಾಕ್ಷಿ ಎಂದರು. ಆಮೇಲೆ ಇಡೀ ದಿನದ ರೇಖೆ. ಹಗಲೆಲ್ಲ ಚಿಕ್ಕಪುಟ್ಟ ಉಬ್ಬುತಗ್ಗು, ಸಂಜೆ ಹೆಚ್ಚುಕಡಿಮೆ ಸಮತಟ್ಟು, ಮಲಗಿದ ಸಮಯದಿಂದಲೇ ಕಡಿದಾದ ಏರು. ಬೆಳಗಿನ ಜಾವದವರೆಗೂ ಮೇಲೆಯೇ ಇದ್ದು ಎದ್ದ ಮೇಲೆ ಇಳಿದಿತ್ತು. ನಾನು ಪ್ರತಿ ಬಾರಿ ತಪಾಸಣೆಗೆ ಹೋಗುತ್ತಿದ್ದುದು ಸರಿಯಾಗಿ ಆ ಇಳಿಜಾರಿನ ಬುಡದಲ್ಲಿ. ವರ್ಷಗಟ್ಟಲೆ ಕೇಳಿದ "ಹತೋಟಿಯಲ್ಲಿದೆ" ಸುಳ್ಳಾಗಿರಲಿಲ್ಲ, ಆದರೆ ಅದು ಅರ್ಧ ದಿನದ ಮಾತು. ನನಗೆ ಅಳು ಬಂತು. ದುಃಖಕ್ಕಲ್ಲ, ಕಣ್ಣು ಯಾಕೆ ಕುಂದುತ್ತಿದೆ ಎಂಬುದಕ್ಕೆ ಮೊದಲ ಬಾರಿ ಒಂದು ಕಾರಣ ಕಣ್ಣೆದುರಿಗೆ ಇತ್ತು.

ವೈದ್ಯೆ ಎಚ್ಚರಿಕೆಯ ಮಾತನ್ನೂ ಸೇರಿಸಿದರು. ರೆಪ್ಪೆ ಮುಚ್ಚಿರುವುದು, ರಾತ್ರಿ ಕರಿಗುಡ್ಡೆ ಸ್ವಲ್ಪ ಊದುವುದು, ಲೆನ್ಸ್ ಹೊಂದಿಕೊಳ್ಳುವುದು ಇವೂ ರೇಖೆಯನ್ನು ಕೊಂಚ ಎತ್ತಬಲ್ಲವು. ಆದ್ದರಿಂದ ಇದೊಂದನ್ನೇ ನಂಬಿ ಶಸ್ತ್ರಚಿಕಿತ್ಸೆಗೆ ಓಡುವುದಿಲ್ಲ ಎಂದರು. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದವರು ಮುನ್ನಡೆಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ರೇಖೆಯ ದೊಡ್ಡ ಏರುಗಳ ಸಂಖ್ಯೆಗೂ ದೃಷ್ಟಿ ಕ್ಷೇತ್ರ ಕುಗ್ಗುವ ವೇಗಕ್ಕೂ ನಂಟು ಕಂಡಿತ್ತು ಎಂದೂ ತಿಳಿಸಿದರು. ಹಾಗೆಂದು ರೇಖೆ ನೋಡಿ ನಾವು ಮನೆಯಲ್ಲಿ ಕೂತು ಅರ್ಥ ಕಟ್ಟುವುದು ಬೇಡ. ಹಳೆಯ ವರದಿಗಳ ಪಕ್ಕದಲ್ಲಿಟ್ಟಾಗ ಮಾತ್ರ ಅದು ಮಾತಾಡುತ್ತದೆ.

ಚಿಕಿತ್ಸೆಯಲ್ಲಿ ಆದ ಬದಲಾವಣೆ ಹೀಗಿದೆ. ರಾತ್ರಿಯ ಲ್ಯಾಟನೋಪ್ರಾಸ್ಟ್ ಹನಿ ಮುಂದುವರಿಯಿತು. ಅದರ ಜೊತೆಗಿದ್ದ ಟಿಮೊಲಾಲ್ ಹಗಲಿನಲ್ಲಿ ಒತ್ತಡ ಇಳಿಸಿದರೂ ನಿದ್ದೆಯ ಹೊತ್ತಿನಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ ಎಂಬ ಕಾರಣಕ್ಕೆ ಅದನ್ನು ನಿಲ್ಲಿಸಿ, ರಾತ್ರಿಯಲ್ಲೂ ಪರಿಣಾಮ ಬೀರುವ ಡೋರ್‌ಜೊಲಮೈಡ್ ಕೊಟ್ಟರು. ಕಣ್ಣಿಗೆ ಹಾಕಿದ ಕೂಡಲೇ ಚುರುಗುಟ್ಟುತ್ತದೆ, ಬಾಯಲ್ಲಿ ಕಹಿ ಇಳಿಯುತ್ತದೆ; ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿದರೆ ಕಡಿಮೆಯಾಗುತ್ತದೆ. ಲೇಸರ್ ಚಿಕಿತ್ಸೆಯ ಮಾತೂ ಬಂದಿದೆ. ಜೊತೆಗೆ ದಿನವಿಡೀ ರಕ್ತದೊತ್ತಡ ದಾಖಲಿಸುವ ಪಟ್ಟಿ ಕಟ್ಟಿಸಿದರು. ರಾತ್ರಿ ಕಣ್ಣಿನ ಒತ್ತಡ ಏರುವಾಗಲೇ ರಕ್ತದೊತ್ತಡ ತೀರಾ ಇಳಿದರೆ ದೃಷ್ಟಿನರಕ್ಕೆ ರಕ್ತ ಸಾಲದಾಗುತ್ತದೆಯಂತೆ. ನನ್ನ ಬಿಪಿ ಮಾತ್ರೆ ಮಲಗುವ ಹೊತ್ತಿನಿಂದ ಬೆಳಗಿಗೆ ಬಂತು, ಅದೂ ಹೃದಯ ತಜ್ಞರನ್ನು ಕೇಳಿದ ಮೇಲೆ. ಬಿಪಿ ಮಾತ್ರೆ ತೆಗೆದುಕೊಳ್ಳುವ ಗ್ಲಾಕೋಮಾ ರೋಗಿಗಳು ಇಬ್ಬರು ವೈದ್ಯರಿಗೂ ಪರಸ್ಪರರ ಔಷಧಗಳ ಪಟ್ಟಿಯನ್ನು ತೋರಿಸಲೇಬೇಕು.

ಇನ್ನೊಂದು ವಿಷಯ ನಮ್ಮ ಕಡೆಯವರಿಗಾಗಿ. ಯೋಗ ಮಾಡುತ್ತೀರಾ ಎಂದು ವೈದ್ಯೆ ಕೇಳಿದರು. ಹೌದು, ಶೀರ್ಷಾಸನವೂ ಇದೆ ಎಂದೆ. ಅದನ್ನು ಇವತ್ತಿನಿಂದಲೇ ಬಿಡಿ ಎಂದರು. ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ ಎಂದು ಚೆನ್ನೈನ ಶಂಕರ ನೇತ್ರಾಲಯದವರು 2006ರಲ್ಲೇ ಪ್ರಕಟಿಸಿದ್ದಾರೆ. ಎಷ್ಟೋ ವರ್ಷಗಳ ಪ್ರೀತಿಯ ಅಭ್ಯಾಸ, ಬಿಟ್ಟಿದ್ದೇನೆ. ಪ್ರಾಣಾಯಾಮ, ಕುಳಿತು ಮಾಡುವ ಆಸನಗಳು ಮುಂದುವರಿದಿವೆ.

ಹೊಸ ಹನಿ ಶುರುವಾದ ಮೇಲೆ ಐಕೇರ್ ಉಪಕರಣವನ್ನು ಎರವಲು ಕೊಟ್ಟಿದ್ದಾರೆ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲೇ ನೋಡಿಕೊಂಡು ಬರೆದಿಡುತ್ತಿದ್ದೇನೆ. ಇದು ಪಾದರಸದ ಲೆಕ್ಕದಲ್ಲೇ ಸಂಖ್ಯೆ ಕೊಡುತ್ತದೆ. ಚಿಕಿತ್ಸೆ ಫಲಿಸಿತೇ ಎಂಬುದು ಮುಂದಿನ ಫೀಲ್ಡ್ ಟೆಸ್ಟ್‌ಗಳಲ್ಲಿ ತಿಳಿಯಬೇಕು, ಅದಕ್ಕೆ ಇನ್ನೂ ತಿಂಗಳುಗಳಿವೆ. ಅಷ್ಟರಲ್ಲಿ ಶಿವಮೊಗ್ಗದ ತಂಗಿಗೆ ಕರೆ ಮಾಡಿದೆ. ಅಮ್ಮನಿಗೂ ಅಕ್ಕನಿಗೂ ಇರುವಾಗ ಅವಳಿಗೂ ಅಪಾಯ ಹೆಚ್ಚು. ಕನ್ನಡಕದ ಅಂಗಡಿಯಲ್ಲಿ ಗಾಳಿ ಊದಿ ಪ್ರೆಶರ್ ನೋಡಿ ಸರಿ ಇದೆ ಎಂದಿದ್ದಾರೆ ಎಂದಳು. ಅಷ್ಟು ಸಾಲದು, ಪಾಪೆ ಹಿಗ್ಗಿಸಿ ದೃಷ್ಟಿನರ ನೋಡಿಸು, ಓಸಿಟಿಯನ್ನೂ ಫೀಲ್ಡ್ ಟೆಸ್ಟನ್ನೂ ಮಾಡಿಸು, ವರದಿಗಳ ಮೂಲ ಪ್ರತಿಗಳನ್ನು ಕೇಳಿ ಪಡೆದು ಜೋಪಾನವಾಗಿಡು ಎಂದು ಹೇಳಿದ್ದೇನೆ. ಮುಂದಿನ ವಾರ ಹೋಗುತ್ತಿದ್ದಾಳೆ. ಅಮ್ಮನ ಹಳೆಯ ಕಡತವನ್ನೂ ಕೊಂಡೊಯ್ಯುತ್ತಾಳೆ.